ಒಂದೇ ಸಿಗರೇಟು

ಆಸ್ಪತ್ರೆಯ ಬೆಂಚಿನಲ್ಲಿದ್ದ ಮುದುಕಿಯ ಕಿವಿ ನೆಟ್ಟಗಾಯಿತು. ಒಳಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದವನ ಹೆಂಡತಿ, ಅವನ ಜೊತೆ ಪ್ರೆಸ್ಸಿನಲ್ಲಿ ದುಡಿಯುವ ಮೈದುನನ ಮೇಲೆ ಹರಿಹಾಯುತ್ತಿದ್ದಳು.

"ಜ್ವರ, ಕೆಮ್ಮು ಇಟ್ಕೊಂಡು ನಿನ್ನ ಎಂಜಲು ಸಿಗರೇಟು ಅವರ ಬಾಯಿಗಿಟ್ಯಾ?"

"ಮಿಷನ್ ನಿಲ್ಸಿದಾಗ ದಿನಾ ಒಂದನ್ನೇ ಇಬ್ರೂ ಸೇದ್ತೀವಿ, ಅತ್ತಿಗೆ."

"ಸುಳ್ಳು ಬೊಗಳಬೇಡ! ಅವರು ಬಿಟ್ಟು ವರ್ಷ ಆಯ್ತು."

"ಬಿಟ್ಟಿದ್ದು ನಿಮ್ಮ ಮುಂದೆ ಮಾತ್ರ."



"ಸೇದೋರಿಗಾದ್ರೆ ಈ ಸೋಂಕು ಜಾಸ್ತಿ ಅಪಾಯ ಅಂದ್ರು ಡಾಕ್ಟರು. ಇವರು ಮುಟ್ಟೋದೇ ಇಲ್ಲ ಅಂತ ಆಣೆ ಮಾಡಿ ಹೇಳಿಬಂದೆನಲ್ಲೋ, ಪಾಪಿ!"

ನರ್ಸ್ ಬಾಗಿಲು ತೆರೆದಳು. "ಒಬ್ರು ಮಾತ್ರ ಬನ್ನಿ."

ಮೈದುನ ಎದ್ದ.

"ಕೂತ್ಕೋ. ನೀನು ಅವರಿಗೆ ಕೊಟ್ಟಿದ್ದು ಸಾಕು," ಎಂದು ಆಕೆ ಒಳಗೆ ನಡೆದಳು. "ಸಿಸ್ಟರ್, ಡಾಕ್ಟರನ್ನ ಕರೀರಿ. ನಾನು ಹೇಳಿದ್ದು ಸುಳ್ಳು."