ಆಕೆಯ ಹೆಸರು ನಾನು ಹೇಳುವುದಿಲ್ಲ

ಸನ್ಮಾನ ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಆಸ್ಪತ್ರೆಯ ನಿರ್ದೇಶಕರೇ, ಸನ್ಮಾನಿತನಾದ ನನ್ನ ತಮ್ಮನೇ, ಹಿಂದಿನ ಸಾಲುಗಳನ್ನೇ ಹುಡುಕಿ ಕೂತಿರುವ ಸಭಿಕರೇ,

ನನ್ನ ತಮ್ಮ ನಾಗರಿಕ ಪತ್ರಕರ್ತ. ಅವನಿಗೆ ಪತ್ರಿಕೆಯಿಲ್ಲ, ಸಂಬಳವಿಲ್ಲ, ಮೊಬೈಲ್ ಒಂದಿದೆ. ನಮ್ಮ ಮನೆಗೆ ಬಂದರೆ ಕಾಫಿ ಕುಡಿಯುವ ಮೊದಲು ಲೋಟದ ಫೋಟೊ ತೆಗೆಯುತ್ತಾನೆ. “ಸಾಕ್ಷಿ ಇರಲಿ ಅಕ್ಕಾ” ಎನ್ನುತ್ತಾನೆ. ಯಾವ ಅಪರಾಧಕ್ಕೆ ಎಂದು ನಾನು ಕೇಳಿಲ್ಲ.

ಇಂದಿನ ಸನ್ಮಾನ ಅವನ ಆ ಒಂದು ವಿಡಿಯೊಗೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ಹಾಲಿಗೆ ನೀರು ಸುರಿಯುವುದನ್ನೂ ಹಿಟ್ಟಿನ ಡಬ್ಬದಿಂದ ಇಲಿ ಹಾರುವುದನ್ನೂ ನೀವೆಲ್ಲ ನೋಡಿದ್ದೀರಿ. ಆಮೇಲೆ ಅಡುಗೆಮನೆ ಹೊಸದಾಯಿತು. ನಿರ್ದೇಶಕರೇ ಅದನ್ನು ಉದ್ಘಾಟಿಸಿದರು, ಇಲಿಗಳು ತಾವಾಗಿಯೇ ರಾಜೀನಾಮೆ ಕೊಟ್ಟವೇನೋ ಎಂಬಷ್ಟು ಸಮಾಧಾನದಿಂದ.

ಆ ವಿಡಿಯೊದಲ್ಲಿ ಮಾತಾಡಿದ ಹೆಂಗಸು ಯಾರು? ನಿರ್ದೇಶಕರು ಇಂದಿಗೂ ಹುಡುಕುತ್ತಿದ್ದಾರೆ. ಸಿಕ್ಕಿಬಿದ್ದರೆ ಆಕೆಯ ಕೆಲಸ ಹೋಯಿತು ಎಂದೇ ಲೆಕ್ಕ. ತಮ್ಮ ಆಕೆಯ ಮುಖ ಮಸುಕು ಮಾಡಿದ, ದನಿಯನ್ನು ಬಾತುಕೋಳಿಯ ದನಿ ಮಾಡಿದ. ಇದಲ್ಲವೇ ಈ ವೃತ್ತಿಯ ಧರ್ಮ? ಸತ್ಯ ಹೊರಗೆ ಬರಬೇಕು, ಸತ್ಯ ಹೇಳಿದವರು ಮರೆಯಲ್ಲೇ ಉಳಿಯಬೇಕು. ನಾನು ಕವಿತೆ ಓದುವವಳು. ಹೇಳದೆ ಬಿಟ್ಟ ಮಾತಿನ ಬೆಲೆ ನನಗೆ ಗೊತ್ತು.

ಆದ್ದರಿಂದ ಆಕೆಯ ಹೆಸರು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಆಕೆ ಸುಲಭವಾಗಿ ಒಪ್ಪಲಿಲ್ಲ. ನಮ್ಮ ಅಡುಗೆಕಟ್ಟೆಗೆ ಒರಗಿ ನಿಂತು ಅತ್ತಳು. “ಈ ಕೆಲಸ ಹೋದ್ರೆ ನಿಮ್ಮ ಮೈದುನ ದುಡಿದು ಹಾಕ್ತಾರಾ ಅಕ್ಕಾ? ಕಾಲ ಹತ್ರ ಬಿದ್ದಿರೋ ರಿಮೋಟ್ ಎತ್ತಿಕೊಡೋಕೂ ನನ್ನನ್ನೇ ಕರೀತಾರೆ” ಎಂದಳು. ಅತ್ತೆಯವರು ಕಿರಿಮಗನೆಂದು ಮುದ್ದು ಮಾಡಿದ ಫಲ ಅದು. ನಾನೇ ಧೈರ್ಯ ಹೇಳಿದೆ. “ನಿನ್ನ ಗುಟ್ಟು ನನ್ನ ಬಾಯಿಂದ ಹೊರಗೆ ಹೋಗಲ್ಲ” ಎಂದು ಮಾತು ಕೊಟ್ಟೆ.

ಯಾಕೆ, ಎಲ್ಲರೂ ಹಿಂದಕ್ಕೆ ತಿರುಗಿದಿರಿ? ನನಗೆ ಬೇಕಾದಷ್ಟು ಮೈದುನರಿದ್ದಾರೆ.

ಸರಿ, ಒಬ್ಬನೇ.

ನಿರ್ದೇಶಕರೇ, ದಯವಿಟ್ಟು ನನ್ನ ಕಡೆ ನೋಡಿ. ತಮ್ಮಾ, ಮೊಬೈಲ್ ಇಳಿಸು. ನೇರಪ್ರಸಾರವೇ? ಅಕ್ಕನ ಬಾಯಿ ಜಾರಿದ್ದನ್ನು ಊರಿಗೆಲ್ಲ ತೋರಿಸುತ್ತಿದ್ದೀಯಾ? ಹೆಬ್ಬೆರಳು ಎತ್ತಿ ತೋರಿಸಬೇಡ. ನೋಡುವವರು ಹೆಚ್ಚಾಗಿದ್ದಾರೆಂದು ನನಗೂ ಅರ್ಥವಾಯಿತು.

ಆಗಲಿ. ಹಾಗಾದರೆ ಇಳಿಸಬೇಡ. ಮೇಲೆ ಬಾ, ನಿರ್ದೇಶಕರ ಹತ್ತಿರ ಹಿಡಿ. ಇನ್ನೂ ಹತ್ತಿರ. ನಿರ್ದೇಶಕರೇ, ನಿಮಗೆ ಹೊಸ ಅಡುಗೆಮನೆ ಕೊಡಿಸಿದ ಹೆಂಗಸು ನಾಳೆ ಬೆಳಿಗ್ಗೆಯೂ ಅದೇ ಅಡುಗೆಮನೆಗೆ ಕೆಲಸಕ್ಕೆ ಬರುತ್ತಾಳೆ, ಅಲ್ಲವೇ? ಮುಂದಿನ ತಿಂಗಳೂ? ನೀರು ಕುಡಿಯಿರಿ, ನಾವು ಕಾಯುತ್ತೇವೆ.

ತಲೆಯಾಡಿಸಿದರು. ತಮ್ಮಾ, ಸರಿಯಾಗಿ ಬಂತಾ? ಈ ಮುಖವನ್ನು ಮಾತ್ರ ಮಸುಕು ಮಾಡಬೇಡ.

ಕೊನೆಯ ಸಾಲಿನಿಂದ ಎದ್ದು ಬಾಗಿಲ ಕಡೆ ಹೊರಟಿರುವ ತಂಗೀ, ನಿಲ್ಲು, ಒಟ್ಟಿಗೇ ಹೋಗೋಣ. ಇವತ್ತಿನ ಅಡುಗೆ ನನ್ನದು. ಬೈಯುವುದಿದ್ದರೆ ಮನೆಯಲ್ಲಿ ಬೈ, ಇಲ್ಲಿ ಕ್ಯಾಮೆರಾ ಇದೆ.

ಮಾತಿಗೆ ಕರೆದು ಈಗ ಕೈಕೈ ಹಿಸುಕಿಕೊಳ್ಳುತ್ತಿರುವ ಸಂಘಟಕರಿಗೂ, ಕೊನೆಗಾದರೂ ನಿದ್ದೆಯಿಂದ ಎದ್ದ ಅಧ್ಯಕ್ಷರಿಗೂ ಕೃತಜ್ಞತೆಗಳು. ನಮಸ್ಕಾರ.