ಮಾಯಾಗೆ ಸನ್ಮಾನದ ದಿನ

ಅಮೃತಾಪುರದ ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಕೋಮಲಾಳ ಪಕ್ಕವೇ ಭಾಗಮ್ಮ, ಅವಳ ಗಂಡ ಕೆಂಪರಾಜು ನಿಂತಿದ್ದರು. ಅವನ ಕಾಲೆರಡೂ ಊದಿಕೊಂಡಿದ್ದವು.

“ಹತ್ತು ಗಂಟೆಗೆ ಡಯಾಲಿಸಿಸ್ಸು. ಮಾಯಾಗೊಂದು ಫೋನ್ ಮಾಡ್ರೀ, ನಿಮ್ಮ ದಮ್ಮಯ್ಯ,” ಭಾಗಮ್ಮ ಗಂಡನಿಗೆ ಅಂದಳು.

“ಬ್ಯಾಡ ಕಣೇ. ಇವತ್ತು ಆ ಹುಡುಗಿಗೆ ಸನ್ಮಾನ.”

“ಅವ್ಳು ವಾರಕ್ಕೆರಡು ಸಲ ಪುಕ್ಕಟೆ ಕಾರಲ್ಲಿ ಕರ್ಕೊಂಡೋಗಿದ್ಕೇ ಅಲ್ವಾ ನೀವು ಇಷ್ಟು ದಿನ ಬದುಕಿರೋದು?”

“ಅದಕ್ಕೇ ಕಣೇ ಸನ್ಮಾನ. ಡಯಾಲಿಸಿಸ್ ನಾಳೆ ಅಂತ ಸುಳ್ಳು ಹೇಳಿದೀನಿ. ನಿಜ ಗೊತ್ತಾದ್ರೆ ಸ್ಟೇಜಿಂದ ಎದ್ದು ಬಂದ್ಬಿಡ್ತಾಳೆ.”

“ನಿಮ್ಗೆ ಉಸ್ರೇ ಆಡ್ತಿಲ್ವಲ್ರೀ!”

“ತಡ್ಕೊಂತೀನಿ.”

ಅಂತೂ ಬಂದ ತರೀಕೆರೆ ಬಸ್ಸಿನಲ್ಲಿ ಬಾಗಿಲ ತನಕ ಜನ. ಕೋಮಲಾ ಒಂದು ಕಡೆ, ಭಾಗಮ್ಮ ಇನ್ನೊಂದು ಕಡೆ ಹಿಡಿದು ಅವನನ್ನು ಮೆಟ್ಟಿಲಿಗೆ ಹತ್ತಿಸಿದರು.

“ಆಮೇಲೆ ಮಾಯಾ ಬೈದ್ರೆ,” ಕಂಬಿಗೆ ಜೋತುಬಿದ್ದೇ ಅವನು ಹೆಂಡತಿಗೆ ಹೇಳಿದ, “ಸೀಟು ಸಿಕ್ಕಿತ್ತು ಅನ್ನು.”

ಬಸ್ಸು ಹೊರಟಿತು.