ಕೂಸಿನ ಮಗ್ಗಲಿನ ಮೊರ

ದಂಡೋತಿಗೆ ಮೂರು ದಿನದಿಂದ ಮಳೆ ಹಿಡಿದಿತ್ತು. ಕಾಗಿಣಾ ಹೊಳೆ ಉಕ್ಕಿ ಸೇತುವೆ ಮುಳುಗುವ ಮೊದಲೇ ಊರು ಸೇರಬೇಕೆಂದು, ನಾನು ವಾಡಿಯಲ್ಲಿ ಪಾಳಿ ಮುಗಿಸಿ ಓಡಿಬಂದಿದ್ದೆ. ದಾರಿಯಲ್ಲಿ ಎರಡು ಬಾಟಲಿ ಸೇಂದಿಯೂ ಆಗಿತ್ತು. ದೀಪ ಹಚ್ಚುವ ಹೊತ್ತು, ಕರೆಂಟು ಇರಲಿಲ್ಲ. ಒಳಗೆ ನೆಲದ ಹಾಸಿಗೆಯಲ್ಲಿ ನಲವತ್ತು ದಿನದ ಮಗಳು ನನ್ನ ಹೆಂಡತಿ ರಾಧಿಕಾಳ ಪಕ್ಕ ಮಲಗಿದ್ದಳು. ಕೂಸಿನ ಈಚೆ ಬದಿಗೆ ನಮ್ಮ ಅಜ್ಜಿ, ಆಯಿ ಯಂಕಮ್ಮ, ಒಂದು ಬಿದಿರಿನ ಮೊರ ನಿಲ್ಲಿಸಿದ್ದಳು. ಅದನ್ನು ಕಾಲಿನಿಂದ ಸರಿಸಿ ಕೂಸಿನ ಮಗ್ಗಲಿಗೆ ಉರುಳಿಕೊಂಡೆ.

ಮನೆ ಸೋರುತ್ತದೆಂದು ನಮ್ಮಲ್ಲಿಗೆ ಬಂದು ಕೂತಿದ್ದ ನೆರೆಮನೆಯ ಲತೀಫಾ ನಕ್ಕಳು. “ಕೂಸಿಗೆ ಹಾಲು ಯಾಕ ಬೇಕು ಯಂಕಮ್ಮಕ್ಕಾ? ನಿಮ್ಮ ಮೊಮ್ಮಗ ಉಸಿರಿನಾಗೇ ಸೇಂದಿ ಕುಡಿಸ್ಲಿಕತ್ತಾನ.”

ಆಯಿ ನಗಲಿಲ್ಲ. ಮೊರವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ಎದ್ದು ಕುಂದರು ತಮ್ಮಾ. ನೀವೂ ಕೇಳ್ರಿ.”

“ನಂಗಾಗ ಹನ್ನೆರಡು ವರ್ಷ... ನಮ್ಮ ತವರಮನಿ ಇದೇ ಓಣ್ಯಾಗ ಇತ್ತು. ನಮ್ಮಣ್ಣ ಚಂದ್ರಾಮ ಹಗಲೆಲ್ಲಾ ಪರಸಿ ಖಣಿದಾಗ ಕಲ್ಲು ಒಡೀತಿದ್ದ, ಸಂಜಿಗೆ ಕುಡದು ಬಂದನಂದ್ರ ತಾನೂ ಕಲ್ಲಿನಂಗೇ ಬೀಳ್ತಿದ್ದ. ಅವನ ಹೆಂಡತಿ ನಾಗರತ್ನಾ ಭಾಳ ಹುಷಾರಿನಾಕಿ. ಗ್ವಾಡಿ ಸಂದಿನಾಗ ಚೇಳು ಅಂತ ಕೂಸಿನ್ನ ನಡುವ ಹಾಕಾಕಿ, ತಲಿದಿಂಬು ಇಡಾಕಿ ಅಲ್ಲ, ಕೌದಿ ಮಾರಿ ಮ್ಯಾಲ ಬರಗೊಡಾಕಿ ಅಲ್ಲ... ಕೂಸಿಗೂ ಅಣ್ಣಗೂ ನಡುವ ಇಂಥಾದೇ ಒಂದು ಮೊರ ನಿಲ್ಲಿಸಾಕಿ. ಅಂವ ಹೊರಳಿದ್ರ ಬಿದಿರು ಕರ್ ಅಂತಿತ್ತು, ಅಕಿಗೆ ಎಚ್ಚರ ಆಗ್ತಿತ್ತು. ಗಂಡನ ಮ್ಯಾಲ ಭರೋಸಾ ಇಲ್ಲ ಅಂತ ಮನಿಮಂದಿ ಎಲ್ಲಾ ನಗ್ತಿದ್ರು. ಹ್ಯಾಂಗ ಇಡಬೇಕು ಭರೋಸಾ, ಹೇಳ್ರಿ?

“ಒಂದಿನ ಅಕಿಗೆ ಜ್ವರ ಬಂತು, ಮೈಮ್ಯಾಲ ಖಬರಿಲ್ಲ. ಜ್ವಾಳ ಹಸನ ಮಾಡ್ಲಾಕ ಆ ಮೊರ ಯಾರೋ ಒಯ್ದರು... ತಿರುಗಿ ಇಡಲಿಲ್ಲ. ಮುಂಜಾನಿ ನೋಡಿದ್ರ ಕೂಸು ಅಣ್ಣನ ಹೆಗಲ ಕೆಳಗ... ತಣ್ಣಗ.

“ಅಣ್ಣ ಹಿರಿಯರ ಮುಂದ ಏನಂದ ಗೊತ್ತದೇನು? ‘ಅಕೀನೇ ನಿದ್ದಿಗಣ್ಣಾಗ ಹೊರಳ್ಯಾಳ’ ಅಂದ. ಊರು ನಂಬಿತು. ಕೂಸು ತಿಂದಾಕಿ ಅಂತ ಹೆಣ್ಣಮಕ್ಕಳು ಬಾವಿಗೆ ಕೊಡ ಇಳಸಗೊಡಲಿಲ್ಲ. ಅಕಿ ಅಳಲಿಲ್ಲ. ಒಬ್ಬೊಬ್ಬರ ಮಾರಿ ನೋಡಿ ಒಂದೇ ಮಾತು ಕೇಳಿದ್ಲು... ‘ನನ್ನ ಮೊರ ಯಾರು ತಗದ್ರಿ?’ ಯಾರೂ ಬಾಯಿ ಬಿಡಲಿಲ್ಲ. ಮೂರನೇ ದಿನಕ್ಕ, ಜ್ವಾಳದ ಚೀಲದ ಮ್ಯಾಲ ಬಿದ್ದಿದ್ದ ಆ ಮೊರ ಬಗಲಾಗ ಹಿಡಕೊಂಡು ಕಾಗಿಣಾಕ್ಕ ಇಳದ್ಲು. ಅಕಿ ಸಿಗಲಿಲ್ಲ... ಮೊರ ದಂಡಿಗೆ ಬಂತು.

“ಮುಂದಿನ ಅಮಾಸಿಗೆ ಅಣ್ಣ ಸತ್ತ. ಒಳಗಿಂದ ಅಗಳಿ ಹಾಕಿತ್ತು, ಮನ್ಯಾಗ ಅವನೊಬ್ಬನೇ. ಎದಿ ಮ್ಯಾಲ, ಮಾರಿ ಮ್ಯಾಲ, ಮೊರದ ಹೆಣಿಗಿ ಒತ್ತಿ ಮೂಡಿತ್ತು, ಒಂದೊಂದು ಸೀಳು ಎಣಿಸಬಹುದಿತ್ತು... ಹಿರಿಯರು ಹಾವು ಅಂದ್ರು. ಹಾವು ಕಚ್ಚಿದ್ರ ಹಂಗ ಹೆಣಿಗಿ ಮೂಡ್ತದೇನು?”

ನನ್ನ ಅಮಲು ಇಳಿದಿತ್ತು. ರಾಧಿಕಾ ಮಗಳ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದಳು. ಲತೀಫಾ ಮೆಲ್ಲಗೆ ಕೇಳಿದಳು, “ಮೊರ ಯಾರು ತಗದಿದ್ರು, ಯಂಕಮ್ಮಕ್ಕಾ?”

ಆಯಿ ಕತ್ತಿಗೆ ಸುತ್ತಿಕೊಂಡಿದ್ದ ಸೆರಗನ್ನು ನಿಧಾನವಾಗಿ ಸಡಿಲಿಸಿದಳು. ಸುಕ್ಕು ತೊಗಲಿನ ಮೇಲೆ ಅಡ್ಡ, ಉದ್ದ ಗೆರೆಗಳು, ಹಸಿ ಮಣ್ಣಿಗೆ ಮೊರ ಒತ್ತಿದ ಹಾಗೆ, ಎದೆಯಿಂದ ಗಂಟಲಿನವರೆಗೆ ಏರಿದ್ದವು.

“ಮದಲು ಹೊಟ್ಟಿ ಮ್ಯಾಲಿತ್ತು. ವರ್ಷಕ್ಕ ಒಂದೊಂದು ಗೆರಿ... ಯಾರ ಮನ್ಯಾಗ ಬಾಣಂತನ ಆದ್ರೂ ನಾನೇ ಮೊರ ಒಯ್ದು ಇಟ್ಟು ಬರ್ತೀನಿ. ಪುಣ್ಯಕ್ಕಂತ ತಿಳದೀರೇನು? ಅರವತ್ತು ವರ್ಷ ಸುಮ್ಮನಿದ್ದೆ. ಇವತ್ತ ಬಾಯಿ ಬಿಟ್ಟೀನಿ... ನಾಗರತ್ನಾ ಕೇಳಿಸ್ಕೊಂಡಾಳ.”

ಅವಳು ಮೊರವನ್ನು ಕೂಸಿನ ಪಕ್ಕ ಮತ್ತೆ ನಿಲ್ಲಿಸಿ ಕೈ ತೆಗೆದಳು. ಯಾರೂ ಮುಟ್ಟಿರಲಿಲ್ಲ. ಬಿದಿರು ಕರ್ ಎಂದಿತು.

“ಕೌದಿ ತಗೊಂಡು ಪಡಸಾಲಿಗೆ ಹೋಗು ತಮ್ಮಾ,” ಅಂದಳು ಆಯಿ. “ಈ ಮಗ್ಗಲು ನಿಂದಲ್ಲ. ಇಲ್ಲಿ ಅಕಿ ಮಲಗತಾಳ.”